ಔಷಧದಾನವೂ ಅಭಯದಾನವೂ: ಹಾರ್ಮೋನುಗಳ ಇತಿಹಾಸದಿಂದ ಕೆಲವು ಪುಟಗಳು

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಶ್ರಾವಕರು ಬಾಲ್ಯದಿಂದಲೇ ಒಂದೇ ಉಸಿರಿನಲ್ಲಿ ಹೇಳಿ ರೂಢಿಸಿಕೊಂಡಿರುತ್ತಾರೆ. ಇವುಗಳಲ್ಲಿ ಒಂದು ಇನ್ನೊಂದಕ್ಕೆ ಎದುರಾಗಿ ನಿಲ್ಲಬಹುದೆಂಬ ಶಂಕೆ ಸಾಮಾನ್ಯವಾಗಿ ಯಾರಿಗೂ ಹುಟ್ಟುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ವೈದ್ಯದಲ್ಲಿ, ಅದರಲ್ಲಿಯೂ ನಿರ್ನಾಳ ಗ್ರಂಥಿಗಳ ಚಿಕಿತ್ಸೆಯಲ್ಲಿ, ಇವೆರಡೂ ಒಂದೇ ಸೀಸೆಯೊಳಗೆ ಮುಖಾಮುಖಿಯಾದವು. ರೋಗಿಯ ಪ್ರಾಣ ಉಳಿಸಿದ ಮದ್ದು ಕಸಾಯಿಖಾನೆಯಿಂದ ಬಂದಿತ್ತು.

ಕನ್ನಡ ನಾಡಿನ ಜೈನ ವೈದ್ಯರಿಗೆ ಈ ಪ್ರಶ್ನೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ 'ಕಲ್ಯಾಣಕಾರಕ'ವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯ ನಿರರ್ಥಕತೆಯನ್ನು ಪ್ರತಿಪಾದಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಅದೇ ಹೆಸರಿನ ಕನ್ನಡ ಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳನ್ನು ದೂರವಿಟ್ಟು ಚಿಕಿತ್ಸೆಯನ್ನು ಹೇಳಿದನು. ಅವರ ಕಾಲದಲ್ಲಿ ಮಾಂಸವಿಲ್ಲದ ಮದ್ದನ್ನು ಆರಿಸಿಕೊಳ್ಳುವ ಅವಕಾಶವಿತ್ತು. ಆಧುನಿಕ ವೈದ್ಯವು ಕೆಲವು ದಶಕಗಳ ಕಾಲ ಆ ಅವಕಾಶವನ್ನೇ ಕೊಡಲಿಲ್ಲ.

ಕೆಲವು ಗ್ರಂಥಿಗಳು ತಮ್ಮ ಸ್ರಾವವನ್ನು ನಾಳದ ಮೂಲಕ ಹೊರಗೆ ಬಿಡದೆ ನೇರವಾಗಿ ರಕ್ತಕ್ಕೇ ಬೆರೆಸುತ್ತವೆ. ಕೊರಳಿನ ಥೈರಾಯ್ಡ್, ಮೂತ್ರಪಿಂಡದ ಮೇಲಿನ ಅಡ್ರಿನಲ್, ಸ್ತ್ರೀಯರ ಅಂಡಾಶಯ, ಪುರುಷರ ವೃಷಣ ಮುಂತಾದವು ಇಂಥವು. ಮೇದೋಜೀರಕ ಗ್ರಂಥಿ ಎರಡೂ ಬಗೆಯ ಕೆಲಸ ಮಾಡುತ್ತದೆ. ಈ ಸ್ರಾವಗಳಲ್ಲಿ ಯಾವುದಾದರೂ ಕಡಿಮೆಯಾದರೆ ಹೊರಗಿನಿಂದ ತುಂಬಿಕೊಡಬಹುದೆಂದು ಮೊದಲು ತೋರಿಸಿದವರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಪ್ರಮುಖರು. 1891ರಲ್ಲಿ ಅವರು ಥೈರಾಯ್ಡ್ ಕೊರತೆಯಿಂದ ಮೈ ಊದಿ, ಮಾತು ಮಂದವಾಗಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು 1919ರವರೆಗೆ, ಅಂದರೆ 28 ವರ್ಷ ಬದುಕಿದರು. ಅದಕ್ಕೆ ಬೇಕಾದ ಕುರಿಗಳು 870ಕ್ಕೂ ಹೆಚ್ಚೆಂದು ಆ ವೈದ್ಯರೇ ಬರೆದಿಟ್ಟಿದ್ದಾರೆ. ಜಮೆಯ ಜೊತೆಗೆ ಖರ್ಚನ್ನೂ ಬರೆದ ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

'ಹಾರ್ಮೋನು' ಎಂಬ ಹೆಸರು ಬಂದದ್ದು 1905ರಲ್ಲಿ. ಅದನ್ನು ಬಳಕೆಗೆ ತಂದವರು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್. ಪ್ರಚೋದಿಸುವುದು ಎಂಬರ್ಥದ ಗ್ರೀಕ್ ಧಾತು ಅದರ ಮೂಲ. 1902ರ ಜನವರಿಯಲ್ಲಿ ಅವರೂ ಅವರ ಭಾವಮೈದುನ ವಿಲಿಯಂ ಬೇಲಿಸ್‌ರೂ ನಾಯಿಯೊಂದರ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲವನ್ನು ಹಾಕಿದರು. ನರಸಂಪರ್ಕವಿಲ್ಲದಿದ್ದರೂ ಮೇದೋಜೀರಕ ಗ್ರಂಥಿಯಿಂದ ರಸ ಸುರಿಯಿತು. ಸುದ್ದಿಯನ್ನು ಒಯ್ದದ್ದು ರಕ್ತ ಎಂಬುದು ಹೀಗೆ ಸಿದ್ಧವಾಯಿತು. ಆ ವಾಹಕ ದ್ರವ್ಯಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು.

ಈ ಇಬ್ಬರ ಹೆಸರು ಮತ್ತೊಂದು ಪ್ರಕರಣದಲ್ಲಿಯೂ ಉಳಿದಿದೆ. 1902ರ ಡಿಸೆಂಬರಿನಲ್ಲಿ ಸ್ಟಾರ್ಲಿಂಗ್ ಕಂದುಬಣ್ಣದ ಒಂದು ನಾಯಿಯ ಮೇದೋಜೀರಕ ನಾಳವನ್ನು ಕಟ್ಟಿದ್ದರು. 1903ರ ಫೆಬ್ರವರಿಯಲ್ಲಿ ಬೇಲಿಸ್ ಅದೇ ನಾಯಿಯನ್ನು ವಿದ್ಯಾರ್ಥಿಗಳೆದುರು ಮತ್ತೊಂದು ಪ್ರಯೋಗಕ್ಕೆ ಬಳಸಿದರು. ಸಭೆಯಲ್ಲಿದ್ದ ಸ್ವೀಡನ್ನಿನ ಇಬ್ಬರು ತರುಣಿಯರು, ಲಿಜ್ಜಿ ಲಿಂಡ್ ಅಫ್ ಹೇಗೆಬಿ ಮತ್ತು ಲೀಸಾ ಶಾರ್ಟೌ, ನಾಯಿಗೆ ಸರಿಯಾದ ಅರಿವಳಿಕೆ ಇರಲಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡರು. ಪ್ರಾಣಿಪ್ರಯೋಗ ವಿರೋಧಿ ಸಂಘದ ಸ್ಟೀಫನ್ ಕೋಲ್ರಿಜ್ ಅದನ್ನು ಬಹಿರಂಗ ಸಭೆಯಲ್ಲಿ ಸಾರಿದರು. ಬೇಲಿಸ್ ಮಾನನಷ್ಟದ ದಾವೆ ಹೂಡಿ, ಅದೇ ವರ್ಷ ನವೆಂಬರಿನಲ್ಲಿ 2,000 ಪೌಂಡು ಪರಿಹಾರ ಗೆದ್ದರು. 1906ರಲ್ಲಿ ಬ್ಯಾಟರ್ಸಿಯಲ್ಲಿ ಆ ನಾಯಿಗೊಂದು ಪ್ರತಿಮೆ ಎದ್ದಿತು. 1907ರಲ್ಲಿ ವೈದ್ಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದು ದೊಂಬಿಯೆಬ್ಬಿಸಿದರು. 1910ರಲ್ಲಿ ಪೊಲೀಸರ ಕಾವಲಿನಲ್ಲಿ ಅದನ್ನು ರಾತ್ರೋರಾತ್ರಿ ಕಿತ್ತೊಯ್ದರು. ಹೊಸ ಪ್ರತಿಮೆ ನಿಂತದ್ದು 1985ರಲ್ಲಿ. ನ್ಯಾಯಾಲಯ ತೀರ್ಮಾನಿಸಿದ್ದು ಬೇಲಿಸ್‌ರ ಮಾನಕ್ಕೆ ಹಾನಿಯಾಯಿತೇ ಎಂಬುದನ್ನು. ನಾಯಿಗೆ ಆದ ಹಾನಿ ಅದರೆದುರು ಇದ್ದ ವ್ಯಾಜ್ಯವೇ ಆಗಿರಲಿಲ್ಲ.

ಇಷ್ಟಾದರೂ ಅದೇ ಮೇದೋಜೀರಕ ಗ್ರಂಥಿಯಿಂದಲೇ ಇನ್ಸುಲಿನ್ ಬಂದಿತೆಂಬುದನ್ನು ಮರೆಯುವಂತಿಲ್ಲ. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೋದಲ್ಲಿ, ಮ್ಯಾಕ್ಲಿಯಾಡರ ಪ್ರಯೋಗಾಲಯದಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಆ ಗ್ರಂಥಿಯನ್ನು ತೆಗೆದು ಅವುಗಳಿಗೆ ಮಧುಮೇಹ ಬರಿಸಿದರು. ಇತರ ನಾಯಿಗಳ ಗ್ರಂಥಿಯ ಸಾರವನ್ನು ಚುಚ್ಚಿ ರಕ್ತದ ಸಕ್ಕರೆಯನ್ನು ಇಳಿಸಿದರು. ಒಂದು ನಾಯಿ ಹೀಗೆ ಸುಮಾರು 70 ದಿನ ಬದುಕಿತು. ಚಳಿಗಾಲದ ಹೊತ್ತಿಗೆ ಸಾರವನ್ನು ಕಸಾಯಿಖಾನೆಯ ಕರುಗಳಿಂದ, ಎತ್ತುಗಳಿಂದ ತೆಗೆಯತೊಡಗಿದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಅದನ್ನು ಕೊಡಲಾಯಿತು. ಮೂಳೆ ಚಕ್ಕಳವಾಗಿ ಸಾವಿನ ಹೊಸ್ತಿಲಲ್ಲಿದ್ದ ಆ ಹುಡುಗ ಮತ್ತೆ 13 ವರ್ಷ ಬದುಕಿದನು. ಅದಕ್ಕೆ ಮೊದಲು ಇಂಥ ಮಕ್ಕಳಿಗೆ ವೈದ್ಯರು ಅರೆಹೊಟ್ಟೆಯ ಪಥ್ಯವನ್ನಷ್ಟೇ ವಿಧಿಸಬಲ್ಲವರಾಗಿದ್ದರು. ಪೇಟೆಂಟಿನ ಹಕ್ಕನ್ನು ಟೊರಾಂಟೋ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಡಲಾಯಿತು. ಮನುಷ್ಯರ ಮಟ್ಟಿಗೆ ಇದಕ್ಕಿಂತ ದೊಡ್ಡ ಔಷಧದಾನವನ್ನು ಕಾಣುವುದು ಕಷ್ಟ.

ಖರ್ಚಿನ ಬದಿ ಹೀಗಿತ್ತು: ಎಂಟು ಔನ್ಸ್ ಶುದ್ಧ ಇನ್ಸುಲಿನ್ನಿಗೆ ಸುಮಾರು ಎರಡು ಟನ್ ಹಂದಿಯ ಅವಯವ. ಭಾರತದಲ್ಲಿಯೂ ದಶಕಗಳ ಕಾಲ ದನ ಮತ್ತು ಹಂದಿಯ ಇನ್ಸುಲಿನ್ನೇ ಬಳಕೆಯಲ್ಲಿತ್ತು. ಪ್ರಾಣಿಗಳು ಹೇಗೂ ಮಾಂಸಕ್ಕಾಗಿ ಸಾಯುತ್ತಿದ್ದವು, ಗ್ರಂಥಿ ವ್ಯರ್ಥವಾಗುತ್ತಿತ್ತು, ಅದನ್ನು ಬಳಸಿದರೆ ತಪ್ಪೇನು ಎಂಬ ಸಮರ್ಥನೆ ಆಗಲೂ ಇತ್ತು, ಈಗಲೂ ಇದೆ. ವ್ಯಾಪಾರ ಬಲ್ಲವರಿಗೆ ಇದರ ದೌರ್ಬಲ್ಯ ತಿಳಿಯುತ್ತದೆ. ಎಣ್ಣೆಯ ಗಾಣಕ್ಕೆ ಹಿಂಡಿಯ ಆದಾಯವೂ ಆಸರೆಯೇ. ಗ್ರಂಥಿಗೆ ಬೆಲೆ ಬಂದೊಡನೆ ಕಸಾಯಿಖಾನೆಯ ಲಾಭವೂ ಏರುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ ಈ ಆದಾಯ ಎಣಿಕೆಯಿಂದ ತಪ್ಪುವುದಿಲ್ಲ. ಹಾಗೆಂದು ಮಗುವಿನ ಪ್ರಾಣಕ್ಕಾಗಿ ಆ ಸೀಸೆಯನ್ನು ಕೊಂಡ ತಾಯಿತಂದೆಯರ ಮೇಲೆ ದೋಷ ಹೊರಿಸುವುದೂ ನ್ಯಾಯವಲ್ಲ. ಅವರಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ. ಶ್ರಾವಕನು ಸರ್ವಥಾ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಬೇರೆ ದಾರಿಯನ್ನು ಹುಡುಕುವ ಹೊಣೆ ಮಾತ್ರ ಸಮಾಜದ ಮೇಲೆ ಉಳಿದಿತ್ತು.

ಸಂತಾನೋತ್ಪತ್ತಿಯ ಹಾರ್ಮೋನುಗಳ ಲೆಕ್ಕ ಇನ್ನೂ ಭಾರವಾದದ್ದು. ಅಮೆರಿಕದ ಡಾಯ್ಸಿ 1935ರ ಸುಮಾರಿಗೆ ನಾಲ್ಕು ಟನ್ ಹೆಣ್ಣುಹಂದಿಗಳ ಅಂಡಾಶಯದಿಂದ ಪಡೆದ ಎಸ್ಟ್ರಡಯೋಲ್ ಕೇವಲ 12 ಮಿಲಿಗ್ರಾಂ. ಪ್ರೊಜೆಸ್ಟರೋನ್ ಎಂಬುದು ಅಂಡಾಣು ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಂಟಾಗಿ, ಗರ್ಭಕೋಶದ ಒಳಪದರವನ್ನು ಭ್ರೂಣಕ್ಕಾಗಿ ಅಣಿಗೊಳಿಸಿ ಗರ್ಭವನ್ನು ಕಾಯುವ ದ್ರವ್ಯ. 1934ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಅದರ 20 ಮಿಲಿಗ್ರಾಂ ಪಡೆಯಲು 50,000 ಹೆಣ್ಣುಹಂದಿಗಳ ಅಂಡಾಶಯಗಳು ಬೇಕಾದವು.

ಬೇರೆ ದಾರಿ ತೆರೆದವರು ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್. ಸಸ್ಯದಲ್ಲಿರುವ ಡಯಾಸ್ಜೆನಿನ್ ಎಂಬ ದ್ರವ್ಯವನ್ನು ಪ್ರೊಜೆಸ್ಟರೋನ್ ಆಗಿ ಮಾರ್ಪಡಿಸಬಹುದೆಂದು ಕಂಡುಕೊಂಡು, ಮೆಕ್ಸಿಕೋದ ವೆರಾಕ್ರುಸ್ ಪ್ರಾಂತದಲ್ಲಿ ಒಂದು ಬಗೆಯ ಕಾಡುಗೆಣಸನ್ನು ಅರಸಿ ಹೋದರು. 1943ರ ಹೊತ್ತಿಗೆ ಅವರು ತಯಾರಿಸಿದ್ದು ಮಿಲಿಗ್ರಾಂಗಳ ಲೆಕ್ಕದಲ್ಲಿರಲಿಲ್ಲ, ಸುಮಾರು ಮೂರು ಕಿಲೋಗ್ರಾಂ ಇತ್ತು. ಮರುವರ್ಷ ಮೆಕ್ಸಿಕೋದಲ್ಲಿ ಸಿಂಟೆಕ್ಸ್ ಕಂಪನಿ ಹುಟ್ಟಿ, ಬೆಲೆ ಕುಸಿಯಿತು. ಗೆಣಸು ಕಂದಮೂಲ, ಅನಂತಕಾಯ. ಪರ್ವದ ದಿನ ಹಾಗಿರಲಿ, ಎಂದೂ ಅಡುಗೆಮನೆಗೆ ಬಾರದ ವಸ್ತು. ಆ ಗೆಣಸೇ ಲಕ್ಷಾಂತರ ಪಂಚೇಂದ್ರಿಯ ಜೀವಗಳ ಅಂಗಗಳು ಬೇಡವಾಗುವಂತೆ ಮಾಡಿತು. ಸಂಪೂರ್ಣ ನಿರ್ದೋಷವಾದ ಆಯ್ಕೆ ಗೃಹಸ್ಥನಿಗೆ ಅಪರೂಪ. ಏಕೇಂದ್ರಿಯಕ್ಕೂ ಪಂಚೇಂದ್ರಿಯಕ್ಕೂ ಇರುವ ತಾರತಮ್ಯವನ್ನು ಆಗಮಗಳೇ ಹೇಳಿವೆ.

ಇನ್ಸುಲಿನ್ನಿಗೂ ಅಂಥ ದಾರಿ ತೆರೆಯಿತು. ಅದರ ಅಣುರಚನೆಯನ್ನು ಸ್ಯಾಂಗರ್ 1955ರಲ್ಲಿ ಬಿಡಿಸಿದ್ದರು. 1978ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದೊಳಗೆ ಮಾನವ ಇನ್ಸುಲಿನ್ ತಯಾರಾಗಿ, 1982ರಲ್ಲಿ ಮಾರಾಟಕ್ಕೆ ಅನುಮತಿ ಪಡೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಪಿಕಿಯಾ ಎಂಬ ಯೀಸ್ಟಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಪೇಟೆಗೆ ತಂದಿತು. ಥೈರಾಯ್ಡ್ ಮಾತ್ರೆಯೂ ಇಂದು ಬಹುಮಟ್ಟಿಗೆ ರಾಸಾಯನಿಕ ತಯಾರಿಕೆಯೇ.

ಎಲ್ಲವೂ ಹಾಗಿಲ್ಲ. ಮುಟ್ಟು ನಿಂತ ಮಹಿಳೆಯರಿಗೆ ಕೊಡುವ ಎಸ್ಟ್ರೋಜನ್ ಮಾತ್ರೆಗಳಲ್ಲಿ ಒಂದು, 1942ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದದ್ದು, ಇಂದಿಗೂ ಗಬ್ಬದ ಕುದುರೆಗಳ ಮೂತ್ರದಿಂದಲೇ ತಯಾರಾಗುತ್ತದೆ. ಅದಕ್ಕಾಗಿ ಕುದುರೆಗಳನ್ನು ಮತ್ತೆ ಮತ್ತೆ ಗಬ್ಬ ಕಟ್ಟಿಸಿ, ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಸಸ್ಯಮೂಲದಿಂದ ತಯಾರಾದ ಎಸ್ಟ್ರಡಯೋಲ್ ಕೂಡ ದೊರೆಯುವುದರಿಂದ ವೈದ್ಯರನ್ನು ಕೇಳಿದರೆ ಬದಲಿ ಸಿಗಬಹುದು. ಔಷಧದಾನದ ಶಿಬಿರ ನಡೆಸುವ ಟ್ರಸ್ಟುಗಳೂ ಖರೀದಿಗೆ ಮೊದಲು ಮದ್ದಿನ ಮೂಲವನ್ನು ಲಿಖಿತವಾಗಿ ಕೇಳಿ ಪಡೆಯಬಹುದು. ಯಾರೂ ತಾನಾಗಿ ಚಿಕಿತ್ಸೆಯನ್ನು ನಿಲ್ಲಿಸಬಾರದು, ಮುಖ್ಯವಾಗಿ ಇನ್ಸುಲಿನ್ನನ್ನು.

ಇನ್ಸುಲಿನ್ ಸೀಸೆಯ ಮೇಲೆ ಪ್ರಮಾಣವನ್ನು ಈಗಲೂ 'ಯೂನಿಟ್' ಎಂದೇ ಅಚ್ಚು ಹಾಕುತ್ತಾರೆ. ಎರಡು ಕಿಲೋ ತೂಕದ, ಉಪವಾಸವಿಟ್ಟ ಒಂದು ಮೊಲದ ರಕ್ತದ ಸಕ್ಕರೆಯನ್ನು ಸೆಳವು ಬರುವ ಮಟ್ಟಕ್ಕೆ ಇಳಿಸಲು ಬೇಕಾದಷ್ಟು ಮದ್ದನ್ನು ಟೊರಾಂಟೋದಲ್ಲಿ ಮೊದಮೊದಲು ಒಂದು ಯೂನಿಟ್ ಎಂದು ಕರೆದಿದ್ದರು. ಇಂದು ಆ ಅಳತೆಯನ್ನು ತೂಕದಿಂದ ನಿಗದಿಪಡಿಸುತ್ತಾರೆ.