ಯಳಂದೂರಿನ ನಷ್ಟ, ಕೊಳ್ಳೇಗಾಲದ ತೆರಿಗೆ

ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದರೆ ಯಳಂದೂರು ತಲುಪಲು ಅರ್ಧ ಗಂಟೆ ಸಾಕು. ಎರಡೂ ಇಂದು ಚಾಮರಾಜನಗರ ಜಿಲ್ಲೆಯ ಊರುಗಳು. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಇವುಗಳ ನಡುವೆ ಒಂದು ಗಡಿ ಇತ್ತು. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಪರದೇಶದ ಗಡಿ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿಯ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಆಡುವ ಮಾತು ಒಂದೇ, ಸರ್ಕಾರ ಎರಡು. ಮುಂದೆ ತೆರಿಗೆ ಕಾಯಿದೆಯೂ ಎರಡಾಯಿತು: ಬ್ರಿಟಿಷ್ ಇಂಡಿಯಾದ್ದು 1922ರದು, ಮೈಸೂರಿನದು 1923ರದು.

ಇದರ ಪೇಚು ತಿಳಿಯಲು, 1940ರ ದಶಕದ ಒಬ್ಬ ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗೆ ಯಳಂದೂರಿನಲ್ಲೂ ಒಂದು ಅಂಗಡಿ ಇತ್ತೆಂದು ಇಟ್ಟುಕೊಳ್ಳೋಣ. ಅಲ್ಲಿನ ಲಾಭವನ್ನು ಅಲ್ಲೇ ಬಿಟ್ಟರೆ ಬ್ರಿಟಿಷರು ಅದಕ್ಕೆ ತೆರಿಗೆ ಕೇಳುತ್ತಿರಲಿಲ್ಲ. ಗಂಟು ಕಟ್ಟಿಕೊಂಡು ಮನೆಗೆ ತಂದನೋ, ತೆರಿಗೆ ಬಿತ್ತು. ಮೈಸೂರಿಗೆ ಆಗಲೇ ಕಟ್ಟಿದ್ದರೆ ಒಂದೇ ಹಣಕ್ಕೆ ಎರಡು ಸಲ ಕಟ್ಟಿದಂತಾಗುತ್ತದಲ್ಲ? ಅದಕ್ಕೆ ಪರಿಹಾರ ಕೊಡಲೆಂದೇ 1939ರಲ್ಲಿ ದೇಶೀಯ ಸಂಸ್ಥಾನಗಳ ಇಮ್ಮಡಿ ತೆರಿಗೆ ಪರಿಹಾರ ನಿಯಮಗಳು ಬಂದವು.

ನಷ್ಟದ ಕಥೆ ಇನ್ನೂ ಕಹಿ. ಕೊಳ್ಳೇಗಾಲದಲ್ಲಿ 5,000 ರೂಪಾಯಿ ಲಾಭ, ಯಳಂದೂರಿನಲ್ಲಿ 4,000 ನಷ್ಟ ಎನ್ನೋಣ. ಕೈಯಲ್ಲಿ ಉಳಿದದ್ದು ಸಾವಿರ. ತೆರಿಗೆ ಮಾತ್ರ ಪೂರಾ 5,000ಕ್ಕೆ! ಸಂಸ್ಥಾನದ ನಷ್ಟವನ್ನು ಸಂಸ್ಥಾನದ ಲಾಭದಲ್ಲಿ ಮಾತ್ರವೇ ಕಳೆಯಬೇಕೆಂದು ಕಾಯಿದೆ ಹೇಳುತ್ತಿತ್ತು. ತೀರದ ವ್ಯಾಪಾರದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಲು 1939ರ ತಿದ್ದುಪಡಿ ದಾರಿ ಮಾಡಿತ್ತು, ಹಂತಹಂತವಾಗಿ 6 ವರ್ಷದವರೆಗೆ. ಅಂಗಡಿಯೇ ಮುಚ್ಚಿಹೋದವನಿಗೆ ಅದರಿಂದ ಏನು ಬಂತು? ಲಾಭಕ್ಕೆ ಗಡಿ ದಾಟಲು ಬಿಟ್ಟು ನಷ್ಟವನ್ನು ಆಚೆಗೇ ತಡೆದ ಈ ಏರ್ಪಾಡು ಖಜಾನೆಗೆ ಅನುಕೂಲವಾದದ್ದೇ ಹೊರತು ನ್ಯಾಯವೆನಿಸುವುದಿಲ್ಲ.

1950ರ ಏಪ್ರಿಲ್ 1ರಿಂದ ಭಾರತದ ಆದಾಯ ತೆರಿಗೆ ಮೈಸೂರಿಗೂ ವಿಸ್ತರಿಸಿತು. ತೆರಿಗೆಯ ಗಡಿ ಹೀಗೆ ಮೊದಲು ಅಳಿಯಿತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು.

ಈಗ ಆ ಗಡಿ ಕಡಲಾಚೆ ಸರಿದಿದೆ. ಇಲ್ಲಿ ನೆಲೆಸಿ ಅಮೆರಿಕದಲ್ಲೂ ಗಳಿಸುವವರಿಗೆ, ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಿದೆ. ಆದರೆ ಅದಕ್ಕೂ ಮಿತಿ ಉಂಟು. ಅಲ್ಲಿ 30 ರೂಪಾಯಿ ಕಟ್ಟಿ, ಅದೇ ಆದಾಯಕ್ಕೆ ಇಲ್ಲಿ 25 ಬಂದರೆ, ವಜಾ ಆಗುವುದು 25 ಮಾತ್ರ. ಮಿಕ್ಕ ಐದನ್ನು ಅಮೆರಿಕವಾದರೆ ತನ್ನ ತೆರಿಗೆದಾರರಿಗೆ ಒಂದು ವರ್ಷ ಹಿಂದಕ್ಕೆ ಅಥವಾ 10 ವರ್ಷ ಮುಂದಕ್ಕೆ ಒಯ್ಯಲು ಬಿಡುತ್ತದೆ. ಭಾರತದಲ್ಲಿ ಆ ಐದು ರೂಪಾಯಿ ಮರಳಿಯೂ ಬರುವುದಿಲ್ಲ, ಮುಂದಿನ ವರ್ಷದ ಲೆಕ್ಕಕ್ಕೂ ಸೇರುವುದಿಲ್ಲ.