ಚಿಂಬೊರಾಸೊ ಶಿಖರದ ಸಾಕ್ಷಿಗಳು

ದಕ್ಷಿಣ ಅಮೆರಿಕಾ ಖಂಡದ ಪಡುವಣ ಅಂಚಿನುದ್ದಕ್ಕೂ ಕೋಟೆಯ ಗೋಡೆಯಂತೆ ಎದ್ದು ನಿಂತಿರುವ ಆಂಡೀಸ್ ಪರ್ವತಶ್ರೇಣಿಯು, ಭೂಮಧ್ಯರೇಖೆಯನ್ನು ಹಾಯುವ ಎಡೆಯಲ್ಲಿ ಎರಡು ಸಾಲಾಗಿ ಒಡೆದು, ತನ್ನ ನಡುವೆ ಎತ್ತರವಾದ ಒಂದು ಕಣಿವೆಯನ್ನು ಇರಿಸಿಕೊಂಡಿದೆ. ಆ ದೇಶಕ್ಕೆ ಈಕ್ವೆಡಾರ್ ಎಂಬ ಹೆಸರು ಬಂದುದೇ ಆ ರೇಖೆಯ ದೆಸೆಯಿಂದ. ಕಣಿವೆಯ ಇಕ್ಕೆಲಗಳಲ್ಲಿ ಅಗ್ನಿಪರ್ವತಗಳು ತೇರಬೀದಿಯ ಮನೆಗಳಂತೆ ಎದುರುಬದುರಾಗಿ ನಿಂತಿವೆ. ಇವುಗಳಲ್ಲಿ ಕೆಲವು ಎಂದೋ ಆರಿದವು, ಕೆಲವು ನಿದ್ರಿಸುತ್ತಿರುವವು, ಕೊಟೊಪಾಕ್ಸಿಯಂಥ ಕೆಲವು ಇಂದಿಗೂ ಹೊಗೆಯುಗುಳುವವು. ಎಲ್ಲಕ್ಕೂ ಹಿರಿಯದು ಚಿಂಬೊರಾಸೊ. ಸಮುದ್ರಮಟ್ಟದಿಂದ ಅದರ ಎತ್ತರ 20,549 ಅಡಿ. ಮೋಡವಿಲ್ಲದ ದಿನ ಪೆಸಿಫಿಕ್ ತೀರದ ಗ್ವಾಯಾಕಿಲ್ ರೇವಿನಿಂದ ನೋಡಿದವರಿಗೆ ಅದು ಬೆಣ್ಣೆಯ ಮುದ್ದೆಯಂತೆ ಕಾಣುವುದು. ದೂರದ ಬೆಟ್ಟ ನುಣ್ಣಗೆಂಬ ಗಾದೆಗೆ ಇದಕ್ಕಿಂತ ಮಿಗಿಲಾದ ನಿದರ್ಶನ ದೊರೆಯಲಾರದು. ಆ ನುಣುಪನ್ನು ಹತ್ತಿರದಿಂದ ಕಾಣಹೋದವರ ಕಥೆ ಸುಮಾರು ನೂರನಾಲ್ವತ್ತು ವರ್ಷಗಳಷ್ಟು ಉದ್ದವಾದುದು. ಹತ್ತಿದವರು ಯಾರೆಂಬ ಪ್ರಶ್ನೆಯ ಬೆನ್ನಿಗೇ, ಹತ್ತಿದುದಕ್ಕೆ ಸಾಕ್ಷಿ ಯಾರು, ಯಾರ ಮಾತನ್ನು ನಂಬತಕ್ಕದ್ದು ಎಂಬ ಪ್ರಶ್ನೆಯೂ ಆ ಕಥೆಗೆ ಅಂಟಿಕೊಂಡು ಬಂದಿದೆ.

ಮೊದಲು ಬಂದ ವಿದ್ವಾಂಸರಿಗೆ ಶಿಖರವನ್ನೇರುವ ಹಂಬಲವಿರಲಿಲ್ಲ. ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾಗಿರಬೇಕೆಂದು ನ್ಯೂಟನ್ನನು ಸಾಧಿಸಿದ್ದನು. ಅಲ್ಲ, ಧ್ರುವಗಳ ಕಡೆಗೆ ನೀಳವಾಗಿದೆಯೆಂದು ಫ್ರಾನ್ಸಿನ ಕಸ್ಸೀನಿ ಮನೆತನದ ಖಗೋಳಜ್ಞರು ವಾದಿಸುತ್ತಿದ್ದರು. ಭೂಮಧ್ಯರೇಖೆಯ ಬಳಿ ರೇಖಾಂಶದ ಗುಂಟ ಒಂದು ಅಂಶದ ಉದ್ದವನ್ನು ಅಳೆದಲ್ಲದೆ ಈ ವ್ಯಾಜ್ಯ ತೀರುವಂತಿರಲಿಲ್ಲ. 1735ರಲ್ಲಿ ಗೊದಾಂ, ಬೂಗೇ, ಲಾ ಕೊಂಡಾಮೀನ್ ಎಂಬ ಮೂವರು ಫ್ರೆಂಚ್ ಪಂಡಿತರು ಪರಿವಾರ ಸಮೇತರಾಗಿ ಹಡಗನ್ನೇರಿದರು. ಆಗ ಆ ಸೀಮೆ ಸ್ಪೇನ್ ದೊರೆಯ ಅಧೀನದಲ್ಲಿದ್ದಿತು. ಆತನು ಹೋರ್ಹೆ ಹುವಾನ್, ಅಂತೋನಿಯೊ ದೆ ಉಲ್ಲೋವಾ ಎಂಬ ಇಬ್ಬರು ತರುಣ ನೌಕಾಧಿಕಾರಿಗಳನ್ನು ಜೊತೆಗೂಡಿಸಿದನು. ನೆರವಿಗೂ ಆಯಿತು, ಪರದೇಶದವರ ಮೇಲೆ ಕಣ್ಣಿಡುವುದಕ್ಕೂ ಆಯಿತು. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೂಡುತ್ತಾ ಈ ಮಂದಿ ವರ್ಷಗಟ್ಟಲೆ ಹಿಮದಲ್ಲಿಯೂ ಮಂಜಿನಲ್ಲಿಯೂ ಬಾಳಿದರು. ಪಿಚಿಂಚಾ ಪರ್ವತದ ನೆತ್ತಿಯ ಮೇಲೆ ಗುಡಿಸಲು ಹಾಕಿಕೊಂಡು ಇಪ್ಪತ್ತಮೂರು ದಿನ ಕಳೆದರು. ಹೊರೆ ಹೊತ್ತು ತಂದ ಆಳುಗಳು ಚಳಿಗೆ ಅಂಜಿ ಓಡಿಹೋದರೆಂಬ ದೂರು ಇವರ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಆ ಆಳುಗಳು, ಎಂದರೆ ಐರೋಪ್ಯರು ಇಂಡಿಯನರೆಂದು ಕರೆದ ಆ ನಾಡಿನ ಆದಿನಿವಾಸಿಗಳು, ತಮ್ಮ ಕಡೆಯ ಮಾತನ್ನು ಬರೆದಿಡಲಿಲ್ಲ. ಯಜಮಾನನ ದಿನಚರಿಯೊಂದನ್ನೇ ಓದಿ ಆಳಿನ ಗುಣವನ್ನು ತೀರ್ಮಾನಿಸುವುದು ನ್ಯಾಯವಲ್ಲ.

1738ರ ಡಿಸೆಂಬರಿನಲ್ಲಿ ಬೂಗೇ ಮತ್ತು ಲಾ ಕೊಂಡಾಮೀನರು ಚಿಂಬೊರಾಸೊದ ಇಳಿಜಾರಿನಲ್ಲಿ ಬಿಡಾರ ಹೂಡಿದರು. ಅಷ್ಟು ದೊಡ್ಡ ಪರ್ವತವು ಪಕ್ಕದಲ್ಲಿ ತೂಗಬಿಟ್ಟ ತೂಕದ ಗುಂಡನ್ನು ತನ್ನತ್ತ ಸೆಳೆಯುವುದೆ ಎಂಬುದನ್ನು ನಕ್ಷತ್ರಗಳ ಸಹಾಯದಿಂದ ಪರೀಕ್ಷಿಸುವುದು ಅವರ ಉದ್ದೇಶ. ಗುಂಡು ವಾಲಿದುದು ನಿಜ. ಆದರೆ ಅವರು ಎಣಿಸಿದುದಕ್ಕಿಂತ ಬಹಳ ಕಡಿಮೆ. ಭೂಮಿಯ ಆಕಾರದ ವಿಷಯದಲ್ಲಿ ಮಾತ್ರ ತೀರ್ಪು ನಿಚ್ಚಳವಾಯಿತು: ನ್ಯೂಟನ್ನನೇ ಗೆದ್ದನು. ಭೂಮಿಯ ನಡುವು ಉಬ್ಬಿದೆ. ಈ ಉಬ್ಬಿನ ಮಾತು ಮುಂದೆ ಇನ್ನೊಮ್ಮೆ ಬರುವುದು.

ಇದಾದ ಅರುವತ್ತು ಚಿಲ್ಲರೆ ವರ್ಷಗಳ ತರುವಾಯ ಬಂದವನು ಪ್ರಷ್ಯಾ ದೇಶದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಆ ವೇಳೆಗೆ ಚಿಂಬೊರಾಸೊವೇ ಲೋಕದಲ್ಲೆಲ್ಲಾ ಉನ್ನತವಾದುದೆಂಬುದು ವಿದ್ವಾಂಸರ ಸಾಮಾನ್ಯ ನಂಬುಗೆಯಾಗಿದ್ದಿತು. 1802ರ ಜೂನ್ 23ರಂದು ಹಂಬೋಲ್ಟನೂ, ಆತನ ಸಂಗಾತಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಬೊಂಪ್ಲಾಂನೂ, ಕೀಟೊ ನಗರದ ಶ್ರೀಮಂತ ಮನೆತನದ ತರುಣ ಕಾರ್ಲೋಸ್ ಮೊಂತೂಫಾರನೂ ಕೂಡಿ ಬೆಟ್ಟವನ್ನೇರತೊಡಗಿದರು. ಹಿಮದ ಮೇರೆಯನ್ನು ದಾಟುತ್ತಲೇ ದಾರಿಗರೆಲ್ಲರೂ ಹಿಂದಿರುಗಿದರು. ಸಾನ್ ಹುವಾನ್ ಎಂಬ ಹತ್ತಿರದ ಹಳ್ಳಿಯ ಮಿಶ್ರಕುಲದ ಒಬ್ಬನು ಮಾತ್ರ ಉಳಿದನು. ತನಗಾಗುತ್ತಿರುವ ಯಾತನೆ ನಿಮಗಿಂತ ಹೆಚ್ಚೆಂದು ಅವನು ಹೇಳಿದನೆಂಬುದನ್ನು ಹಂಬೋಲ್ಟನೇ ದಾಖಲಿಸಿದ್ದಾನೆ. ಹಾಗಿದ್ದರೂ ಅವನು ಬಿಟ್ಟು ಹೋಗಲಿಲ್ಲ. ಅವನ ಹೆಸರು ಮಾತ್ರ ಆ ವೃತ್ತಾಂತದಲ್ಲಿಲ್ಲ.

ಅವರು ಹಿಡಿದ ದಾರಿ ಕತ್ತಿಯ ಅಲಗಿನಂಥ ಒಂದು ಏಣು. ಕೆಲವೆಡೆ ಅದರ ಅಗಲ ಎಂಟು ಹತ್ತು ಅಂಗುಲ ಮಾತ್ರ. ಒಂದು ಪಕ್ಕದಲ್ಲಿ ಗಾಜಿನಂತೆ ಹೊಳೆಯುವ ಹಿಮದ ಇಳುಕಲು, ಇನ್ನೊಂದು ಪಕ್ಕದಲ್ಲಿ ಬಂಡೆಗಳ ಕೊರಕಲು. ಕೈಕಾಲುಗಳೆರಡನ್ನೂ ಊರಿ ತೆವಳಿದರು. ಚೂಪುಗಲ್ಲುಗಳಿಂದ ಕೈ ಹರಿದು ನೆತ್ತರಿಟ್ಟಿತು. ತಲೆ ತಿರುಗಿತು, ಓಕರಿಕೆ ಬಂದಿತು, ಒಸಡಿನಿಂದಲೂ ತುಟಿಯಿಂದಲೂ ರಕ್ತ ಒಸರಿತು. ಮಂಜು ಒಂದು ಗಳಿಗೆ ಹರಿದಾಗ ಶಿಖರದ ಗುಮ್ಮಟವು ಬಹು ಸಮೀಪದಲ್ಲಿ ಕಾಣಿಸಿತು. ಉತ್ಸಾಹದಿಂದ ಮುಂದುವರಿದರೆ, ಎದುರಿಗೆ ನಾನೂರು ಅಡಿ ಆಳದ, ಅರುವತ್ತು ಅಡಿ ಅಗಲದ ಕಂದರ! ದಾಟುವ ಉಪಾಯವಿರಲಿಲ್ಲ. ಹಂಬೋಲ್ಟನು ಅಲ್ಲಿಯೇ ವಾಯುಭಾರಮಾಪಕವನ್ನು ನಿಲ್ಲಿಸಿ ಎತ್ತರವನ್ನು ಲೆಕ್ಕಹಾಕಿದನು. ಹತ್ತೊಂಬತ್ತು ಸಾವಿರ ಅಡಿಗೂ ಮಿಗಿಲಾಯಿತು. ತಲಪಲಿಲ್ಲವೆಂಬುದನ್ನು ಅವನು ಮುಚ್ಚಿಡಲಿಲ್ಲ. ಬುಡದಿಂದ ನೆತ್ತಿಯವರೆಗೆ ಯಾವ ಮಟ್ಟದಲ್ಲಿ ಯಾವ ಗಿಡ ಬೆಳೆಯುವುದೆಂಬುದನ್ನು ಒಂದೇ ಚಿತ್ರಪಟದಲ್ಲಿ ತೋರಿಸಿ, ಸಸ್ಯಭೂಗೋಳವೆಂಬ ಶಾಸ್ತ್ರಕ್ಕೆ ತಳಹದಿ ಹಾಕಿದುದು ಈ ಪ್ರವಾಸದ ಫಲ. ಶಿಖರ ದಕ್ಕಿದ್ದರೆ ಅದಕ್ಕಿಂತ ಹೆಚ್ಚು ದಕ್ಕುತ್ತಿದ್ದಿತೆಂದು ಹೇಳಲಾಗದು.

ಹಂಬೋಲ್ಟನ ಸಂಗಡ ಹೋಗಲು ಆಶಿಸಿ ನಿರಾಶನಾದವನೊಬ್ಬನಿದ್ದನು. ನೀರು ಕುದಿಯುವ ಉಷ್ಣತೆಯಿಂದ ಬೆಟ್ಟದ ಎತ್ತರವನ್ನು ಕಂಡುಹಿಡಿಯುವ ಕ್ರಮವನ್ನು ತನ್ನಷ್ಟಕ್ಕೆ ತಾನೇ ರೂಪಿಸಿದ್ದ ಫ್ರಾನ್ಸಿಸ್ಕೊ ಹೊಸೆ ದೆ ಕಾಲ್ದಾಸ್ ಎಂಬ ನಾಡಿನ ವಿದ್ವಾಂಸನು ಅವನು. ಅವನನ್ನು ಬಿಟ್ಟು ಮೊಂತೂಫಾರನನ್ನು ಕರೆದೊಯ್ದ ಕಾರಣಕ್ಕಾಗಿ ಕಾಲ್ದಾಸನು ಬಹಳ ನೊಂದುಕೊಂಡನು. ವಿಧಿಯ ವಿಚಿತ್ರವನ್ನು ನೋಡಬೇಕು: ಸ್ವಾತಂತ್ರ್ಯ ಸಂಗ್ರಾಮದಲ್ಲಿ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತರು; 1816ರಲ್ಲಿ ಸ್ಪೇನಿನ ಸೈನಿಕರು ಇಬ್ಬರನ್ನೂ ಗುಂಡಿಟ್ಟು ಕೊಂದರು.

ಅದೇ 1816ರಲ್ಲಿ ಚಿಂಬೊರಾಸೊದ ಪಟ್ಟಕ್ಕೂ ಚ್ಯುತಿ ಬಂದಿತು. ಧವಳಗಿರಿಯು ಆಂಡೀಸ್ ಶಿಖರಗಳಿಗಿಂತ ಬಹಳ ಎತ್ತರವಾದುದೆಂಬ ಲೆಕ್ಕವು ಆ ವರ್ಷ ಕಲ್ಕತ್ತೆಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಯೂರೋಪಿನಲ್ಲಿ ಅನೇಕರು ಮೊದಲು ಅದನ್ನು ನಂಬಲಿಲ್ಲ. ಆದರೆ ಭರತಖಂಡದಲ್ಲಿ ಅಳತೆಯ ಕೆಲಸ ಭದ್ರವಾಗಿ ನಡೆದಿದ್ದಿತು. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ತನ್ನ ಮೊದಲ ಆಧಾರರೇಖೆಯನ್ನು ಎಳೆದು ಮೈಸೂರು ಸೀಮೆಯನ್ನು ತ್ರಿಕೋನಗಳಿಂದ ಅಳೆಯತೊಡಗಿದನು; ಹಂಬೋಲ್ಟನು ಚಿಂಬೊರಾಸೊವನ್ನೇರಿದ 1802ರಲ್ಲಿಯೇ ಮದರಾಸಿನಲ್ಲಿ ಇನ್ನೊಂದನ್ನು ಎಳೆದನು. ಫ್ರೆಂಚರನ್ನು ಕೀಟೊಗೆ ಕಳುಹಿದ ಪ್ರಶ್ನೆಯೇ ಅವನನ್ನೂ ಪ್ರೇರಿಸಿದ್ದಿತು. ಮರ್ತ್ಯರಲ್ಲೆಲ್ಲಾ ಅತ್ಯಂತ ಎತ್ತರಕ್ಕೇರಿದವನು ತಾನೆಂದು ಬಾಳಿನುದ್ದಕ್ಕೂ ಎಣಿಸಿಕೊಂಡಿದ್ದೆನೆಂದು, ಹಿಮಾಲಯದಲ್ಲಿ ಬ್ರಿಟಿಷ್ ಅಧಿಕಾರಿಗಳು ತನ್ನನ್ನು ಮೀರಿಸಿದುದನ್ನು ತಿಳಿದ ಹಂಬೋಲ್ಟನು ಮಿತ್ರನೊಬ್ಬನಿಗೆ ಬರೆದನು. ಆದರೆ ಚಿಂಬೊರಾಸೊಗೆ ಇನ್ನೊಂದು ಬಗೆಯ ಪಟ್ಟ ಉಳಿದಿದೆ. ಅದು ಭೂಮಿಯ ಆ ಉಬ್ಬಿನ ಮೇಲೆಯೇ ನಿಂತಿರುವುದರಿಂದ, ಎತ್ತರವನ್ನು ಸಮುದ್ರಮಟ್ಟದಿಂದ ಎಣಿಸದೆ ಭೂಕೇಂದ್ರದಿಂದ ಎಣಿಸಿದರೆ, ಅದರ ನೆತ್ತಿಯು ಎವರೆಸ್ಟಿನ ನೆತ್ತಿಗಿಂತ ಸುಮಾರು ಏಳು ಸಾವಿರ ಅಡಿ ದೂರದಲ್ಲಿದೆ.

1831ರ ಡಿಸೆಂಬರಿನಲ್ಲಿ ಬೂಸೆಂಗೋ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನೂ ಕರ್ನಲ್ ಹಾಲ್ ಎಂಬಾತನೂ ಹಂಬೋಲ್ಟನಿಗಿಂತ ಕೊಂಚ ಮೇಲಕ್ಕೆ ಹೋಗಿ ಹಿಂದಿರುಗಿದರು. 1872ರ ನವೆಂಬರಿನಲ್ಲಿ ಜರ್ಮನಿಯ ಭೂಗರ್ಭಶಾಸ್ತ್ರಜ್ಞ ವಿಲ್ಹೆಲ್ಮ್ ರೈಸನು, ಕೊಲಂಬಿಯಾದ ಆಂಹೆಲ್ ಎಸ್ಕೋಬಾರನೊಡನೆ, ಹಂಬೋಲ್ಟನು ಅಸಾಧ್ಯವೆಂದು ಬಿಟ್ಟಿದ್ದ ಕೊಟೊಪಾಕ್ಸಿಯನ್ನು ಏರಿದನು. ಚಿಂಬೊರಾಸೊ ಮಾತ್ರ ಉಳಿಯಿತು.

ಅದನ್ನು ಸಾಧಿಸಲು ಬಂದವನು ಎಡ್ವರ್ಡ್ ವಿಂಪರ್ ಎಂಬ ಆಂಗ್ಲ ಚಿತ್ರಕೊರೆತಗಾರ. 1865ರಲ್ಲಿ ಆಲ್ಪ್ಸ್ ಪರ್ವತಗಳ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲು ಹತ್ತಿದವನು ಇವನೇ. ಇಳಿಯುವಾಗ ಸಂಗಡಿಗರಲ್ಲಿ ನಾಲ್ವರು ಬಿದ್ದು ಸತ್ತಿದ್ದರು. ಅಂದು ಅವನ ಪ್ರತಿಸ್ಪರ್ಧಿಯಾಗಿ ಇನ್ನೊಂದು ಮುಖದಿಂದ ಏರುತ್ತಿದ್ದ ಇಟಲಿಯ ದಾರಿಗ ಜಾನ್ ಆಂತ್ವಾನ್ ಕ್ಯಾರೆಲನನ್ನೂ ಅವನ ದಾಯಾದಿ ಲೂಯಿ ಕ್ಯಾರೆಲನನ್ನೂ ಈಗ ವಿಂಪರನು ಜೊತೆಗೆ ಕರೆತಂದನು. ವಾಯುವಿನ ಒತ್ತಡ ಕುಗ್ಗಿದಲ್ಲಿ ದೇಹಕ್ಕೆ ಏನಾಗುವುದೆಂಬುದನ್ನು ತಿಳಿಯುವುದು ಅವನ ಮುಖ್ಯ ಆಶಯ. ಆ ಪಾಠ ಬೇಗನೆ ದೊರೆಯಿತು. 1879ರ ಡಿಸೆಂಬರಿನ ಕೊನೆಯಲ್ಲಿ, ಹದಿನಾರು ಸಾವಿರದ ಆರುನೂರು ಅಡಿಗಳ ಮೇಲಿನ ಬಿಡಾರದಲ್ಲಿ, ಈ ಮೂವರು ನುರಿತ ಪರ್ವತಾರೋಹಿಗಳೂ ತಲೆನೋವು ಜ್ವರಗಳಿಂದ ನೆಲಕ್ಕೊರಗಿ, ನೀರಿನಿಂದೆತ್ತಿದ ಮೀನಿನಂತೆ ಬಾಯ್ದೆರೆದು ಉಸಿರೆಳೆಯುತ್ತಿದ್ದರು. ಬೆಟ್ಟದ ಅನುಭವವೇ ಇಲ್ಲದ ಅವರ ದುಭಾಷಿ ಮಾತ್ರ ಏನೂ ಆಗದವನಂತೆ ಓಡಾಡಿ ಅವರ ಆರೈಕೆ ಮಾಡಿದನು. ಸೊರೋಚೆ ಎಂದು ಆ ನಾಡಿನವರು ಕರೆಯುವ ಈ ಬೇನೆಗೆ ಬಲಶಾಲಿ ದುರ್ಬಲನೆಂಬ ಭೇದವಿಲ್ಲ.

1880ರ ಜನವರಿ 4ರಂದು, ಬೆಳಗ್ಗೆ ಆರರೊಳಗೆ ಹೊರಟ ಮೂವರು ಮೊದಲು ಒಂದು ಗುಮ್ಮಟವನ್ನು ಮುಟ್ಟಿದರು. ಆಮೇಲೆ ನೋಡಿದರೆ ಇನ್ನೊಂದು ಅದಕ್ಕಿಂತ ಎತ್ತರ. ನಡುವಣ ಬಯಲಿನ ಹಿಮವು ಹಿಟ್ಟಿನಷ್ಟು ಮೃದು. ಕಾಲಿಟ್ಟರೆ ಕತ್ತಿನವರೆಗೆ ಹೂತುಹೋಗುವಂತಿದ್ದಿತು. ಹಿಮವನ್ನು ಬಡಿಬಡಿದು ಗಟ್ಟಿಮಾಡಿ, ಅದರ ಮೇಲೆ ಅಂಬೆಗಾಲಿಕ್ಕುತ್ತಾ ಮಧ್ಯಾಹ್ನ ನಾಲ್ಕರ ಸುಮಾರಿಗೆ ನಿಜವಾದ ನೆತ್ತಿಯನ್ನು ಸೇರಿದರು. ಕತ್ತಲೆಯಲ್ಲಿ ಇಳಿದು ಬಂದರು. ಲೂಯಿಯ ಕಾಲುಗಳು ಹಿಮದಿಂದ ಕೆಟ್ಟುವು. ಆದರೆ ಈ ಸುದ್ದಿಯನ್ನು ನಾಡಿನಲ್ಲಿ ಎಲ್ಲರೂ ನಂಬಲಿಲ್ಲ. ಪರದೇಶದವನೊಬ್ಬನು ಕೂಲಿಗೆ ತಂದ ಇಬ್ಬರು ಪರದೇಶದವರೇ ಅವನ ಸಾಕ್ಷಿಗಳು. ಅವರ ಮಾತಿಗೇನು ಬೆಲೆ? ಸಂಶಯಪಟ್ಟವರನ್ನು ತಪ್ಪೆನ್ನುವಂತಿಲ್ಲ.

ಉತ್ತರವಾಗಿ ವಿಂಪರನು ಅದೇ ವರ್ಷ ಜುಲೈ 3ರಂದು ಇನ್ನೊಂದು ಮುಖದಿಂದ ಚಿಂಬೊರಾಸೊವನ್ನು ಮತ್ತೊಮ್ಮೆ ಏರಿದನು. ಈ ಬಾರಿ ಕ್ಯಾರೆಲರೊಡನೆ ಈಕ್ವೆಡಾರಿನ ಇಬ್ಬರಿದ್ದರು: ಮಚಾಚಿ ಊರಿನ ಡಾವಿಡ್ ಬೆಲ್ತ್ರಾನ್ ಮತ್ತು ಕೀಟೊ ನಗರದ ಫ್ರಾನ್ಸಿಸ್ಕೊ ಕಾಂಪಾನ್ಯಾ. ಬೆಳಗಿನ ಜಾವ ಸುಮಾರು ಅರುವತ್ತೈದು ಮೈಲಿ ದೂರದಲ್ಲಿ ಕೊಟೊಪಾಕ್ಸಿಯ ಬಾಯಿಂದ ಕಾಡಿಗೆಯಂಥ ಹೊಗೆಗಂಬವೊಂದು ನೆಟ್ಟಗೆ ಮೇಲೆದ್ದಿತು. ಅದರ ಎತ್ತರವನ್ನು ವಿಂಪರನು ಇಪ್ಪತ್ತು ಸಾವಿರ ಅಡಿಯೆಂದು ಅಂದಾಜುಮಾಡಿದನು. ಗಾಳಿಗೆ ಸಿಕ್ಕಿ ಹರಡಿದ ಬೂದಿಯ ಮೋಡ ಸೂರ್ಯನಿಗೆ ಅಡ್ಡಬಂದಾಗ ಬೆಳಕು ತಾಮ್ರದ ಕಿಲುಬಿನ ಹಸುರಿಗೆ ತಿರುಗಿತು, ಆಮೇಲೆ ನೆತ್ತರಿನ ಕೆಂಪಿಗೆ. ಐವರೂ ನೆತ್ತಿಯ ಮೇಲಿರುವಾಗ ಬೂದಿ ಸುರಿಯತೊಡಗಿ, ಬೆಳ್ಳನೆಯ ಹಿಮವು ಉತ್ತ ಹೊಲದಂತೆ ಕಂಡಿತು. ಮಿಠಾಯಿಪುಡಿಗಿಂತಲೂ ನಯವಾದ ಆ ಬೂದಿ ಕಣ್ಣು ಮೂಗುಗಳಲ್ಲೆಲ್ಲಾ ತುಂಬಿತು. ಅಂದು ಉಗುಳಿದ ಬೂದಿ ಕನಿಷ್ಠಪಕ್ಷ ಇಪ್ಪತ್ತು ಲಕ್ಷ ಟನ್ನುಗಳೆಂದು ಅವನು ಲೆಕ್ಕಹಾಕಿದನು. ಬಳಿಕ ಗ್ವಾಯಾಕಿಲ್ಲಿನಲ್ಲಿ ಕಾಂಪಾನ್ಯಾ ತಾನು ಕಂಡುದನ್ನೂ ಏರಿದುದನ್ನೂ ಪ್ರಮಾಣಪೂರ್ವಕವಾಗಿ ಹೇಳಿ ರುಜುಹಾಕಿದನು. ಹಿಂದೆ ಹೊರೆ ಬಿಟ್ಟು ಓಡಿದರೆಂದು ದೂಷಿತರಾದ ನಾಡಿನವನೊಬ್ಬನ ರುಜುವಿನಿಂದಲೇ ಆಲ್ಪ್ಸ್ ಗೆದ್ದವನ ಮಾತಿಗೆ ಬಲ ಬಂದಿತು.

‘ಮೊದಲು ಏರಿದವರು’ ಎಂಬ ಮಾತನ್ನೇ ಅಲುಗಿಸುವ ಸಂಗತಿಯೊಂದು ಇನ್ನೂ ದಕ್ಷಿಣದಲ್ಲಿ ಬೆಳಕಿಗೆ ಬಂದಿತು. ಅರ್ಜೆಂಟೀನಾ ಮತ್ತು ಚಿಲಿ ದೇಶಗಳ ಗಡಿಯಲ್ಲಿರುವ ಯುಯಾಯ್ಯಾಕೊ ಎಂಬ ಅಗ್ನಿಪರ್ವತದ ಎತ್ತರ 22,110 ಅಡಿ. 1952ರಲ್ಲಿ ಚಿಲಿಯ ಇಬ್ಬರು ಅದನ್ನೇರಿದಾಗ ಮೇಲೆ ಕಲ್ಲಿನ ಕಟ್ಟಡಗಳ ಅವಶೇಷಗಳು ಕಣ್ಣಿಗೆ ಬಿದ್ದುವು. 1999ರಲ್ಲಿ ಯೋಹಾನ್ ರೈನ್‌ಹಾರ್ಡ್, ಕೊನ್ಸ್ತಾನ್ಸಾ ಸೆರೂತಿ ಎಂಬ ಪುರಾತತ್ತ್ವಜ್ಞರ ತಂಡವು ಅಲ್ಲಿ ಅಗೆದಾಗ, ಇಂಕಾ ಅರಸರ ಕಾಲದಲ್ಲಿ ಬಲಿಗೊಟ್ಟ ಮೂವರು ಮಕ್ಕಳ ದೇಹಗಳು ನಿದ್ರಿಸುತ್ತಿರುವಂತೆ ಹಿಮದಲ್ಲಿ ದೊರೆತುವು. ಹಂಬೋಲ್ಟನು ಕಂದರದ ಮುಂದೆ ನಿಲ್ಲುವುದಕ್ಕೆ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ, ಅವನು ಮುಟ್ಟಿದ ಎತ್ತರವನ್ನು ಬಹಳವಾಗಿ ಮೀರಿದ ಆ ನೆತ್ತಿಗೆ ಜನರು ಕಲ್ಲು, ಬಟ್ಟೆ, ಆಹಾರಗಳನ್ನು ಹೊತ್ತು ಹೋಗಿದ್ದರು; ಮಕ್ಕಳನ್ನೂ ಕರೆದೊಯ್ದಿದ್ದರು. ಅವರ ನಿಷ್ಠೆಯನ್ನು ಮೆಚ್ಚಬೇಕೋ, ಆ ಮಕ್ಕಳಿಗಾಗಿ ಮರುಗಬೇಕೋ ತಿಳಿಯದು.

ಇಂದು ಚಿಂಬೊರಾಸೊದ ಮೈಮೇಲೆ ಆರೋಹಿಗಳಿಗಾಗಿ ಕಟ್ಟಿದ ಎರಡು ತಂಗುಮನೆಗಳಿವೆ. ಕೆಳಗಿನದಕ್ಕೆ ಕ್ಯಾರೆಲರ ಹೆಸರು, ಮೇಲಿನದಕ್ಕೆ ವಿಂಪರನ ಹೆಸರು. ಅದೇ ಬೆಟ್ಟದ ತಪ್ಪಲಿನ ಹಳ್ಳಿಗಳಿಂದ ಇನ್ನೊಂದು ಬಗೆಯ ಆರೋಹಣವೂ ತಲೆಮಾರುಗಳಿಂದ ನಡೆದುಬಂದಿದ್ದಿತು. ಹಳ್ಳಿಗರು ಹಿಮದ ಅಂಚಿನವರೆಗೆ ಹತ್ತಿ, ಹಾರೆಯಿಂದ ಮಂಜುಗಡ್ಡೆಯನ್ನು ಕಡಿದು, ಬೆಟ್ಟದ ಹುಲ್ಲಿನಲ್ಲಿ ಸುತ್ತಿ, ಕತ್ತೆಗಳ ಮೇಲೆ ಹೇರಿ ರಿಯೋಬಾಂಬಾ ಪಟ್ಟಣದ ಪೇಟೆಗೆ ಇಳಿಸುತ್ತಿದ್ದರು. ಯಂತ್ರದ ಮಂಜುಗಡ್ಡೆ ಬಂದ ಮೇಲೆ ಒಬ್ಬೊಬ್ಬರಾಗಿ ಆ ಕಸುಬನ್ನು ಬಿಟ್ಟರು. ಕೊನೆಯವನೆಂದು ಹೆಸರಾದ ಬಾಲ್ಟಸಾರ್ ಉಷ್ಕಾ 2024ರ ಅಕ್ಟೋಬರಿನಲ್ಲಿ ತೀರಿಕೊಂಡನು. ಅವನು ತಂದ ಗಡ್ಡೆಯನ್ನು ಪೇಟೆಯ ಅಂಗಡಿಯಲ್ಲಿ ಒಡೆದು ಹಣ್ಣಿನ ಪಾನಕಕ್ಕೆ ಬೆರೆಸುತ್ತಿದ್ದರು.