ಕುಟುಂಬ ಕಾರಿನ ಬ್ರೇಕ್ ಮತ್ತು ಚಾಲನಾ ಹಿಡಿತದ ಸುಧಾರಣೆ

ಕುಟುಂಬ ಕಾರಿನ ಬ್ರೇಕ್ ಮತ್ತು ಚಾಲನಾ ಹಿಡಿತದ ಸುಧಾರಣೆ ಎಂದರೆ ದಿನಬಳಕೆಗೆಂದು ತಯಾರಾದ ಸಾಮಾನ್ಯ ಕಾರಿನ ಬ್ರೇಕ್, ಟೈರ್, ಸಸ್ಪೆನ್ಷನ್ ಮತ್ತು ಚಕ್ರಗಳ ಜೋಡಣೆಯನ್ನು ಉತ್ತಮಪಡಿಸಿ, ಅದು ಕಡಿಮೆ ದೂರದಲ್ಲಿ ನಿಲ್ಲುವಂತೆಯೂ ತಿರುವಿನಲ್ಲಿ ಸ್ಥಿರವಾಗಿ ಸಾಗುವಂತೆಯೂ ಮಾಡುವ ಕೆಲಸ. ತಿರುವಿನಲ್ಲಿ ವಾಹನ ತೋರುವ ವರ್ತನೆಯನ್ನು ವಾಹನ ವಲಯದಲ್ಲಿ ಹ್ಯಾಂಡ್ಲಿಂಗ್ ಎಂದು ಕರೆಯುವುದು ವಾಡಿಕೆ. ಈ ಸುಧಾರಣೆಯ ಮೂಲ ಮೋಟಾರು ಕ್ರೀಡೆಯಲ್ಲಿದೆಯಾದರೂ, ಭಾರ ಹೊತ್ತು ಘಟ್ಟ ಇಳಿಯುವ ಮನೆಯ ಕಾರಿಗೂ ಅದರ ಪಾಠಗಳು ಅಷ್ಟೇ ಅನ್ವಯಿಸುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಇದಕ್ಕೆ ಒಳ್ಳೆಯ ಉದಾಹರಣೆಯಾಗಿ ನೋಡಬಹುದು.

ತತ್ವ

ಕಾರನ್ನು ನಿಲ್ಲಿಸುವುದು ಬ್ರೇಕ್ ಎಂಬುದು ಸಾಮಾನ್ಯ ನಂಬಿಕೆ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು ಮಾತ್ರ. ಕಾರನ್ನು ನಿಲ್ಲಿಸುವುದು ಟೈರ್ ಮತ್ತು ರಸ್ತೆಯ ನಡುವಿನ ಘರ್ಷಣೆ. ಒಣಗಿದ ಡಾಂಬರು ರಸ್ತೆಯಲ್ಲಿ ಘರ್ಷಣಾಂಕವನ್ನು ಸುಮಾರು 0.8 ಎಂದು ಹಿಡಿದರೆ, ಗಂಟೆಗೆ 80 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ 31 ಮೀಟರಿಗೂ ತುಸು ಹೆಚ್ಚು ದೂರ ಸಾಗಿ ನಿಲ್ಲುತ್ತದೆ. ಮಳೆಯಲ್ಲಿ ಘರ್ಷಣಾಂಕ 0.5ಕ್ಕೆ ಇಳಿದರೆ ಅದೇ ದೂರ 50 ಮೀಟರ್ ಆಗುತ್ತದೆ. ಅಪಾಯವನ್ನು ಕಂಡು ಕಾಲು ಪೆಡಲ್ ಮುಟ್ಟುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ ಇನ್ನೂ 22 ಮೀಟರ್ ಸೇರುತ್ತದೆ. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ ಎಂಬುದು ಪ್ರೌಢಶಾಲೆಯ ಭೌತಶಾಸ್ತ್ರದ ಲೆಕ್ಕ.

ಒಳ್ಳೆಯ ಸ್ಥಿತಿಯಲ್ಲಿರುವ ಯಾವುದೇ ಆಧುನಿಕ ಕಾರಿನ ಬ್ರೇಕ್, ಚಕ್ರ ಉರುಳುವುದನ್ನೇ ತಡೆದು ನಿಲ್ಲಿಸುವಷ್ಟು ಶಕ್ತವಾಗಿರುತ್ತದೆ. ಆದ್ದರಿಂದ ಒಂದೇ ಬಾರಿ ಜೋರಾಗಿ ಬ್ರೇಕ್ ಹಿಡಿಯುವ ಸಂದರ್ಭದಲ್ಲಿ, ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ನಿಲ್ಲುವ ದೂರ ಕಡಿಮೆಯಾಗದು. ದೊಡ್ಡ ಡಿಸ್ಕಿನ ಲಾಭ ಬೇರೆಯದು: ಅದು ಮತ್ತೆ ಮತ್ತೆ ಹುಟ್ಟುವ ಶಾಖವನ್ನು ತಾಳಿಕೊಳ್ಳುತ್ತದೆ. ಈ ಎರಡು ವಿಷಯಗಳನ್ನು ಬೆರೆಸಿಕೊಳ್ಳುವುದರಿಂದಲೇ ಹಣ ತಪ್ಪು ಕಡೆ ಖರ್ಚಾಗುತ್ತದೆ.

ಹಿನ್ನೆಲೆ

ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, ಅದರ ಸಾಮರ್ಥ್ಯ ಜಗತ್ತಿಗೆ ತಿಳಿದದ್ದು 1953ರ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದಾಗ. ಭಾರತದ ರಸ್ತೆಗಳನ್ನು ಬಹುಕಾಲ ಆಳಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳು ಹೆಚ್ಚಿನ ವರ್ಷ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕನ್ನೇ ಹೊಂದಿದ್ದವು. ಇಂದಿನ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವುದು ಸಾಮಾನ್ಯ. ಚಕ್ರ ಉರುಳದೆ ಜಾರುವುದನ್ನು ತಡೆಯುವ ಎಬಿಎಸ್ ವ್ಯವಸ್ಥೆಯು 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದೆ.

ಭಾರ, ಘಟ್ಟ ಮತ್ತು ಶಾಖ

ತಿಪಟೂರು ಉಂಡೆ ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ ಊರು. ತುಮಕೂರಿನಿಂದ ತಿಪಟೂರು, ಅರಸೀಕೆರೆ, ಬಾಣಾವರದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 73 ಮುಂದೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಟ್ಟ ಇಳಿದು ಉಜಿರೆಯ ಕಡೆಗೆ, ಕೊನೆಗೆ ಮಂಗಳೂರಿಗೆ ಹೋಗುತ್ತದೆ. ಈ ಸೀಮೆಯ ಕುಟುಂಬಗಳು ಧರ್ಮಸ್ಥಳಕ್ಕೆ ಹೋಗಲು ಹಿಡಿಯುವ ದಾರಿಗಳಲ್ಲಿ ಇದೂ ಒಂದು. ನೂರಾರು ಕಿಲೋಮೀಟರ್ ಬಯಲಿನಲ್ಲಿ ಯಾವ ತೊಂದರೆಯನ್ನೂ ತೋರದ ಬ್ರೇಕಿಗೆ ನಿಜವಾದ ಪರೀಕ್ಷೆ ಕೊಟ್ಟಿಗೆಹಾರದ ನಂತರವೇ ಆರಂಭವಾಗುತ್ತದೆ.

ಸುಮಾರು 900 ಕಿ.ಗ್ರಾಂ. ತೂಗುವ ಸಣ್ಣ ಕಾರಿನಲ್ಲಿ ಐದು ಜನ ಕುಳಿತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಒಟ್ಟು ತೂಕ 1,300 ಕಿ.ಗ್ರಾಂ. ಮುಟ್ಟುವುದು ಕಷ್ಟವಲ್ಲ. ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿಯೂ ಅದೇ ಪ್ರಮಾಣದಲ್ಲಿ, ಅಂದರೆ ಶೇಕಡಾ 44ರಷ್ಟು ಹೆಚ್ಚುತ್ತದೆ. ಬ್ರೇಕಿನಿಂದಲೇ ವೇಗವನ್ನು ತಡೆದುಕೊಂಡು ಇಳಿಜಾರು ಇಳಿಯುವಾಗ, ಎತ್ತರದಲ್ಲಿ 100 ಮೀಟರ್ ಕಡಿಮೆಯಾದಂತೆಲ್ಲ ಹುಟ್ಟುವ ಶಾಖವು ಗಂಟೆಗೆ 80 ಕಿ.ಮೀ. ವೇಗದಿಂದ ನಾಲ್ಕು ಬಾರಿ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೆ ಸಮ. ತಿರುವಿನ ದಾರಿಯಲ್ಲಿ ಗಾಳಿಯ ವೇಗವೂ ಕಡಿಮೆಯಿರುವುದರಿಂದ ಡಿಸ್ಕ್ ತಣಿಯಲು ಅವಕಾಶವಿರುವುದಿಲ್ಲ.

ಹೀಗೆ ಕಾದ ಬ್ರೇಕ್ ಎರಡು ರೀತಿಯಲ್ಲಿ ಕೈಕೊಡುತ್ತದೆ. ಮೊದಲನೆಯದರಲ್ಲಿ ಪ್ಯಾಡಿನ ಘರ್ಷಣಾ ವಸ್ತು ತನ್ನ ಮಿತಿ ಮೀರಿ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಎರಡನೆಯದರಲ್ಲಿ ಕ್ಯಾಲಿಪರಿನೊಳಗಿನ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿದುಬಿಡುತ್ತದೆ. ಎರಡನೆಯದು ಮುನ್ಸೂಚನೆ ಕಡಿಮೆ ಇರುವ, ಹೆಚ್ಚು ಭಯಂಕರವಾದ ವೈಫಲ್ಯ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸುವ ಅಥವಾ ಗೇರ್ ತೆಗೆದು ಬಿಡುವ ಹಳೆಯ ಅಭ್ಯಾಸವೊಂದಿದೆ. ಬ್ರೇಕಿಗೆ ಬಲ ತುಂಬುವ ನಿರ್ವಾತ ಬೂಸ್ಟರ್ ಎಂಜಿನ್ ಆರಿದ ಮೇಲೆ ಎರಡು ಮೂರು ಒತ್ತಿಗಷ್ಟೇ ಸಾಕಾಗುತ್ತದೆ. ಪವರ್ ಸ್ಟಿಯರಿಂಗ್ ನೆರವೂ ಇಲ್ಲವಾಗುತ್ತದೆ. ಇಂಧನ ಇಂಜೆಕ್ಷನ್ ಇರುವ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಇಂಧನವನ್ನೇ ಕಡಿತಗೊಳಿಸುವುದರಿಂದ ಉಳಿತಾಯದ ವಾದವೂ ನಿಲ್ಲುವುದಿಲ್ಲ. ಎರಡನೆಯ ಗೇರಿನಲ್ಲಿ ಇಳಿಯುವುದು ಯಾವ ಬಿಡಿಭಾಗಕ್ಕಿಂತಲೂ ಅಗ್ಗದ ಬ್ರೇಕ್ ಸುಧಾರಣೆ.

ಬ್ರೇಕ್ ಸುಧಾರಣೆಯ ಕ್ರಮ

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆಗ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ನಂತರ 140. ಡಾಟ್ 4ಕ್ಕೆ ಇವು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಈ ಮೂರೂ ಗ್ಲೈಕಾಲ್ ಆಧಾರಿತ ದ್ರವಗಳು. ಡಾಟ್ 5 ಎಂಬುದು ಸಿಲಿಕೋನ್ ದ್ರವ. ಹೆಸರು ಹತ್ತಿರವಿದ್ದರೂ ಅದನ್ನು ಇವುಗಳೊಂದಿಗೆ ಬೆರೆಸಬಾರದು. ಎಂಟು ಹತ್ತು ವರ್ಷ ಬ್ರೇಕ್ ಆಯಿಲನ್ನೇ ಬದಲಿಸದ ಕಾರುಗಳು ಹಳ್ಳಿಗಳಲ್ಲಿ ಅಪರೂಪವಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಸಾಮಾನ್ಯ ನಿಯಮ. ಘಟ್ಟ ಇಳಿಯುವ ಕಾರಿಗೆ ಇದೇ ಮೊದಲ ಸುಧಾರಣೆ.

ನಂತರದ ಸ್ಥಾನ ಪ್ಯಾಡುಗಳದ್ದು. ಓಟದ ಸ್ಪರ್ಧೆಗೆ ತಯಾರಿಸಿದ ಪ್ಯಾಡುಗಳು ಚೆನ್ನಾಗಿ ಕಾದ ಮೇಲೆಯೇ ಹಿಡಿಯುತ್ತವೆ. ಬೆಳಗಿನ ಚಳಿಯಲ್ಲಿ ಮನೆಯಿಂದ ಹೊರಟ ಕಾರಿನ ಮೊದಲ ಬ್ರೇಕಿಗೆ ಅವು ಮೂಲ ಪ್ಯಾಡಿಗಿಂತ ಕೀಳು. ಆದ್ದರಿಂದ ರಸ್ತೆ ಬಳಕೆಯ ಉತ್ತಮ ದರ್ಜೆಯ ಪ್ಯಾಡೇ ಯೋಗ್ಯ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಎಂಟು ಹತ್ತು ಬಾರಿ, ಪೂರ್ತಿ ನಿಲ್ಲಿಸದೆ, ವೇಗ ತಗ್ಗಿಸಿ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದುವಂತೆ ಮಾಡಿ, ಬಳಿಕ ತಣಿಯಲು ಬಿಡಬೇಕು. ಕಿರುಗುಟ್ಟುವ ಸದ್ದು ನಿಲ್ಲಿಸಲು ಡಿಸ್ಕಿಗಾಗಲಿ ಪ್ಯಾಡಿನ ಮುಖಕ್ಕಾಗಲಿ ಯಾವ ಎಣ್ಣೆಯನ್ನೂ, ತೆಂಗಿನೆಣ್ಣೆಯನ್ನೂ, ಸವರಬಾರದು.

ದೊಡ್ಡ ಡಿಸ್ಕ್ ಮತ್ತು ಹೆಚ್ಚು ಪಿಸ್ಟನ್ನುಗಳ ಕ್ಯಾಲಿಪರ್ ಬರುವುದು ಇವೆಲ್ಲದರ ನಂತರ. ಅವಕ್ಕೆ ದೊಡ್ಡ ಚಕ್ರ ಬೇಕಾಗುತ್ತದೆ. ಪಿಸ್ಟನ್ನಿನ ಗಾತ್ರ ಹೆಚ್ಚಿದರೆ ಮಾಸ್ಟರ್ ಸಿಲಿಂಡರ್ ಹೆಚ್ಚು ದ್ರವ ತಳ್ಳಬೇಕಾಗಿ ಪೆಡಲಿನ ಚಲನೆ ಉದ್ದವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಮತ್ತು ಹಿಂದಿನ ಬ್ರೇಕುಗಳ ನಡುವಿನ ಸಮತೋಲನ ಕೆಡುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ವಾಲಿ, ಮುಂಚಕ್ರ ಚಾಲನೆಯ ಸಣ್ಣ ಕಾರಿನ ಮುಕ್ಕಾಲು ಪಾಲು ಭಾರ ಮುಂದಿನ ಟೈರುಗಳ ಮೇಲೆ ಬೀಳುತ್ತದೆ. ಹಗುರಾದ ಹಿಂದಿನ ಚಕ್ರಗಳಿಗೆ ಲೆಕ್ಕವಿಲ್ಲದೆ ಡಿಸ್ಕ್ ಹಾಕಿದರೆ ಅವು ಮೊದಲು ಸಿಕ್ಕಿಕೊಂಡು ಕಾರು ಬುಗುರಿಯಂತೆ ತಿರುಗಬಹುದು. ಹಿಂದಿನ ಡ್ರಮ್ ಎಂದರೆ ಹೀನಾಯವೆಂಬ ಭಾವನೆಗೆ ಆಧಾರವಿಲ್ಲ. ಹಿಂಬದಿಗೆ ಬೇಕಾದ ಕೆಲಸಕ್ಕೆ ಅದು ಬಹುಪಾಲು ಸಾಕು.

ತಯಾರಕರೇ ಇಂಥ ಬದಲಾವಣೆ ಮಾಡಿದ ನಿದರ್ಶನಗಳು ಬೋಧಪ್ರದವಾಗಿವೆ. ಮಾರುತಿ ಸುಜುಕಿ 2017ರಲ್ಲಿ ಹೊರತಂದ ಬಲೆನೊ ಆರ್‌ಎಸ್ ಮಾದರಿಗೆ ನಾಲ್ಕೂ ಕಡೆ ಡಿಸ್ಕ್ ನೀಡಿತು. ಹ್ಯುಂಡೈ 2021ರ ಐ20 ಎನ್ ಲೈನ್ ಮಾದರಿಯಲ್ಲಿ ಹಿಂದಿನ ಡಿಸ್ಕ್ ಜೊತೆಗೆ ಸಸ್ಪೆನ್ಷನ್ನನ್ನೂ ಬಿಗಿಗೊಳಿಸಿತು. ಇಂಥ ಮಾದರಿಗಳಲ್ಲಿ ಬಿಡಿಭಾಗ ಒಂದೊಂದಾಗಿ ಬದಲಾಗುವುದಿಲ್ಲ, ಇಡೀ ವ್ಯವಸ್ಥೆ ಒಟ್ಟಿಗೆ ಹೊಂದಿಕೆಯಾಗುತ್ತದೆ.

ಟೈರುಗಳು

ಒಂದೇ ಒಂದು ಬದಲಾವಣೆಗೆ ಹಣವಿದ್ದರೆ ಅದು ಟೈರಿಗೆ ಸಲ್ಲಬೇಕು. ನಿಲ್ಲುವ ದೂರ, ತಿರುವಿನ ಹಿಡಿತ, ಮಳೆಯ ಭದ್ರತೆ ಮೂರನ್ನೂ ಒಟ್ಟಿಗೆ ಬದಲಿಸುವ ಭಾಗ ಬೇರೊಂದಿಲ್ಲ. ಹಬ್ಬ, ಮದುವೆ, ಆಸ್ಪತ್ರೆಗೆಂದು ಮಾತ್ರ ಹೊರಡುವ ಕಾರಿನ ಟೈರು ಸವೆಯದಿದ್ದರೂ ವಯಸ್ಸಿನಿಂದ ಗಡುಸಾಗುತ್ತದೆ. ಟೈರಿನ ಬದಿಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದರೆ 2019ರ 23ನೆಯ ವಾರ. ತೋಡುಗಳ ನಡುವಿನ ಸವೆತ ಸೂಚಕದ ಎತ್ತರ 1.6 ಮಿಲಿಮೀಟರ್, ಅದರ ಮಟ್ಟಕ್ಕೆ ಬಂದ ಟೈರು ನೀರನ್ನು ಹೊರದೂಡಲಾರದು.

ಅಗಲವಾದ ಟೈರ್ ಹಾಕುವಾಗ ಚಕ್ರದ ಒಟ್ಟು ವ್ಯಾಸ ಬದಲಾಗಬಾರದು. ಉದಾಹರಣೆಗೆ 165/80 ಆರ್14 ಟೈರಿನ ವ್ಯಾಸ ಸುಮಾರು 620 ಮಿಲಿಮೀಟರ್, 185/65 ಆರ್15ರದ್ದು ಸುಮಾರು 622. ವ್ಯತ್ಯಾಸ ಇಷ್ಟು ಕಡಿಮೆಯಿದ್ದರೆ ವೇಗಮಾಪಕ ಸರಿಯಾಗಿ ತೋರಿಸುತ್ತದೆ. ಅದೇ ಕಾರಿನ ಮೇಲ್ದರ್ಜೆಯ ಮಾದರಿಗೆ ತಯಾರಕರು ನೀಡುವ ಅಳತೆಯೇ ಅತ್ಯಂತ ನಂಬಲರ್ಹವಾದ ಮಾರ್ಗದರ್ಶಿ.

ಸಸ್ಪೆನ್ಷನ್ ಮತ್ತು ತೋಟದ ದಾರಿ

ಮುಂಚಕ್ರ ಚಾಲನೆಯ ಕಾರು ವೇಗವಾಗಿ ತಿರುಗಿದಾಗ ಮೂತಿ ಹೊರಕ್ಕೆ ಜಾರುವುದು ಸಹಜ ಗುಣ. ಡಿಕ್ಕಿಯಲ್ಲಿ ಕಾಯಿ ಚೀಲಗಳನ್ನು ಹೇರಿದಾಗ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ, ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ಅದೇ ಭಾರವನ್ನು ಚಾವಣಿಯ ಕ್ಯಾರಿಯರಿಗೆ ಏರಿಸಿದರೆ ಗುರುತ್ವ ಕೇಂದ್ರ ಮೇಲೇರಿ ವಾಲುವಿಕೆ ಹೆಚ್ಚುತ್ತದೆ. ಸವೆದ ಶಾಕ್ ಅಬ್ಸಾರ್ಬರ್ ಮತ್ತು ಬಿರಿದ ರಬ್ಬರ್ ಬುಷ್‌ಗಳನ್ನು ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಹಳೆಯ ಕಾರು ತನ್ನ ಮೂಲ ಗುಣಕ್ಕೆ ಮರಳುತ್ತದೆ. ಬಹಳ ಮಂದಿಗೆ ಅಗತ್ಯವಿರುವುದು ಇಷ್ಟೇ. ಕಾರನ್ನು ತಗ್ಗಿಸಲು ಸ್ಪ್ರಿಂಗಿನ ಸುರುಳಿ ಕತ್ತರಿಸುವುದು ಮಾತ್ರ ಅಪಾಯಕಾರಿ. ಕತ್ತರಿಸಿದ ಸ್ಪ್ರಿಂಗ್ ತನ್ನ ಪೀಠದಿಂದ ಕಳಚಬಹುದು, ಹಾಗೂ ಶಾಕ್ ಅಬ್ಸಾರ್ಬರ್ ಅದಕ್ಕೆ ಹೊಂದುವುದಿಲ್ಲ.

ತೋಟದ ಮನೆಗೆ ಹೋಗುವ ಬಂಡಿ ಜಾಡು, ಅಳತೆಯಿಲ್ಲದ ರಸ್ತೆ ಉಬ್ಬುಗಳು, ಗಾಳಿಗೆ ಉದುರಿದ ತೆಂಗಿನ ಗರಿ ಇವುಗಳ ನಡುವೆ ತಗ್ಗಿಸಿದ ಕಾರಿಗೆ ಬದುಕಿಲ್ಲ. ಕೆ.ಬಿ. ಕ್ರಾಸ್ ಮೂಲಕ ಚಿಕ್ಕನಾಯಕನಹಳ್ಳಿಯನ್ನೂ ತುರುವೇಕೆರೆಯನ್ನೂ ಬೆಸೆಯುವ ಹೆದ್ದಾರಿ 150ಎ ಬಿಟ್ಟು ಒಳರಸ್ತೆಗೆ ಇಳಿದರೆ, ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯ ಒಕ್ಕಣೆ ರಸ್ತೆಯ ಮೇಲೆಯೇ ನಡೆಯುವುದುಂಟು. ಒಣಹುಲ್ಲಿನ ಮೇಲೆ ಅತ್ಯುತ್ತಮ ಬ್ರೇಕೂ ನಿಷ್ಪ್ರಯೋಜಕ. ಸಡಿಲ ಹುಲ್ಲು, ಜಲ್ಲಿಗಳ ಮೇಲೆ ಎಬಿಎಸ್ ಸ್ಟಿಯರಿಂಗ್ ಹಿಡಿತವನ್ನು ಉಳಿಸುತ್ತದೆ, ಆದರೆ ನಿಲ್ಲುವ ದೂರವನ್ನು ಹೆಚ್ಚಿಸಲೂಬಹುದು. ತಳಕ್ಕೆ ಸುತ್ತಿಕೊಂಡ ಹುಲ್ಲು ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಕೆಂಪು ದೂಳು ಡ್ರಮ್ಮಿನೊಳಗೆ ಸೇರುವುದರಿಂದ ಹಿಂದಿನ ಬ್ರೇಕನ್ನು ಆಗಾಗ ಬಿಚ್ಚಿ ಶುಚಿಗೊಳಿಸಬೇಕಾಗುತ್ತದೆ.

ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ, ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಂ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಬ್ರೇಕ್ ಆಯಿಲ್, ತಯಾರಕರ ಅಳತೆಯ ಪ್ಯಾಡ್, ಶಾಕ್ ಅಬ್ಸಾರ್ಬರ್, ಅನುಮೋದಿತ ಅಳತೆಯ ಟೈರ್ ಇವೆಲ್ಲ ದುರಸ್ತಿ ಮತ್ತು ನಿರ್ವಹಣೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಿಪಟೂರಿನ ಕೆಎ-44 ಸಂಖ್ಯೆಯ ಕಾರಾದರೂ ನವೀಕರಣಕ್ಕೆ ತಪಾಸಣೆಯ ಮುಂದೆ ನಿಲ್ಲಲೇಬೇಕು. ಅಪಘಾತದ ವಿಮಾ ಪರಿಹಾರ ಕೋರುವಾಗಲೂ ಘೋಷಿಸದ ಮಾರ್ಪಾಡು ತೊಡಕಾಗಬಹುದು.

ಮೋಟಾರು ಕ್ರೀಡೆಯಲ್ಲಿ

ಇಂಥ ಮಾರ್ಪಾಡುಗಳಿಗೆ ನ್ಯಾಯವಾದ ನೆಲೆ ರಾಲಿ ಕ್ರೀಡೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರಾಲಿ ರಾಜ್ಯದ ಹಳೆಯ ಸ್ಪರ್ಧೆಗಳಲ್ಲೊಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರಾಲಿ ಚಾಂಪಿಯನ್‌ಷಿಪ್ಪಿನ ಸುತ್ತೂ ನಡೆದಿದೆ. ಮನೆಬಳಕೆಯ ಕಾರುಗಳ ಮಾದರಿಗಳೇ ಅಲ್ಲಿ ಓಡುತ್ತವೆ. ಆದರೆ ಅವುಗಳೊಳಗೆ ಉಕ್ಕಿನ ಪಂಜರ, ಅನೇಕ ಪಟ್ಟಿಗಳ ಸೀಟ್ ಬೆಲ್ಟ್, ಅಗ್ನಿಶಾಮಕ ಇರುತ್ತವೆ. ಚಾಲಕರು ಹೆಲ್ಮೆಟ್ ಧರಿಸುತ್ತಾರೆ. ಸ್ಪರ್ಧೆಯ ಹಂತದಲ್ಲಿ ರಸ್ತೆಯನ್ನು ಸಾರ್ವಜನಿಕರಿಗೆ ಮುಚ್ಚಲಾಗಿರುತ್ತದೆ.